ಸೀಸದ ಭರಣಿ

ಕಡಲು ಸೊಂಟ ಬಳುಕಿಸಿ ಒಳಗೆ ಬಂದ ಜಾಗದಲ್ಲಿ ಒಂದು ಊರಿತ್ತು. ಹೆಸರು ಕೇಳಬೇಡಿ, ಕೇಳಿದವರಿಗೆಲ್ಲ ಆ ಊರಿನವರು ಒಂದೊಂದು ಹೆಸರು ಹೇಳಿ ಕಳಿಸಿದ್ದಾರೆ. ಆ ಊರಿಗೆ ಒಂದೇ ಒಂದು ಕಟ್ಟಳೆ. ಬಂದ ಪಾತ್ರೆ ಖಾಲಿ ಹೋಗಬಾರದು.

ಪಕ್ಕದ ಮನೆಯಿಂದ ಬಟ್ಟಲಲ್ಲಿ ಸಾರು ಬಂದರೆ, ಬಟ್ಟಲು ತೊಳೆದು, ಅದರಲ್ಲಿ ನಾಲ್ಕು ಮೆಣಸಿನಕಾಯಿಯನ್ನಾದರೂ ಹಾಕಿ ಹಿಂದಿರುಗಿಸಬೇಕು. ಇದೇನು ಮಹಾ, ನಮ್ಮ ಮನೆಯಲ್ಲೂ ಹೀಗೇ ಎಂದು ನೀವು ಮೂಗು ಮುರಿಯಬಹುದು. ನಿಮ್ಮ ಮನೆಯಲ್ಲಿ ಮರೆತರೆ ಮರೆತಿರಿ, ಅಲ್ಲಿಗೆ ಮುಗಿಯಿತು. ಆ ಊರಿನಲ್ಲಿ ಮರೆಯುವ ಹಾಗಿರಲಿಲ್ಲ. ಎಣ್ಣೆ ಮಾರುವವನ ಡಬ್ಬ, ಹಾಲಿನವಳ ಚೊಂಬು, ಸಾವಿನ ಮನೆಗೆ ಹೂವು ತಂದ ಬುಟ್ಟಿ, ಯಾವುದೂ ಬರಿದಾಗಿ ಹೊಸಿಲು ದಾಟುವಂತಿಲ್ಲ. ಬಂದದ್ದನ್ನೇ ಉಳಿಸಿ ತಿರುಗಿ ಕಳಿಸುವುದಂತೂ ಖಾಲಿ ಕಳಿಸುವುದಕ್ಕಿಂತ ಕೀಳು. ಹಾಗೆ ತಪ್ಪಿದ ಮನೆಯನ್ನು ಪಾತ್ರೆ ನಿಂತ ಮನೆ ಎನ್ನುತ್ತಿದ್ದರು. ಆಮೇಲೆ ಆ ಮನೆಗೆ ಯಾರೂ ಪಾತ್ರೆ ಕೊಡುವುದಿಲ್ಲ, ಆ ಮನೆಯಿಂದ ಯಾರೂ ಪಾತ್ರೆ ತೆಗೆದುಕೊಳ್ಳುವುದಿಲ್ಲ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಪಾತ್ರೆ ನಿಲ್ಲುತ್ತದೆ, ಅಷ್ಟೆ. ಆ ಊರಿನಲ್ಲಿ ಬದುಕಿರುವುದೆಂದರೆ ಪಾತ್ರೆ ಓಡಾಡುತ್ತಿರುವುದು ಎಂದೇ ಅರ್ಥ.

ಅಲ್ಲಿ ನೀರಿನ ಮನೆಯ ಬಾಗಿಲು ಕಾಯುತ್ತಿದ್ದ ಒಬ್ಬ ಹೆಂಗಸಿದ್ದಳು. ಅವಳನ್ನು ಎಲ್ಲರೂ ಕಾವಲಿನವಳು ಎನ್ನುತ್ತಿದ್ದರು. ಬಾಯಾರಿ ಬಂದವರು ಯಾರು, ಎಲ್ಲಿಯವರು ಎಂದು ಕೇಳದೆ ನೀರು ಕೊಡುವುದು ಅವಳ ಕೆಲಸ. ಅವಳ ಗಂಡ ಸಾರುವವನು. ಹುಟ್ಟು, ಸಾವು, ಮದುವೆ, ಹಡಗು, ಏನೇ ಆಗಲಿ, ಅವನು ತಮಟೆ ಬಡಿದು ಬೀದಿಬೀದಿಯಲ್ಲಿ ಸಾರಿದ ಮೇಲೆಯೇ ಊರಿನ ಪಾಲಿಗೆ ಅದು ನಡೆದದ್ದೆಂದು ಲೆಕ್ಕ. ಸಾರದ ಸಾವಿಗೆ ಯಾರೂ ಅಳುತ್ತಿರಲಿಲ್ಲ. ಸಾರದ ಕೂಸಿಗೆ ಹೆಸರಿಡುತ್ತಿರಲಿಲ್ಲ. ಹಿರಿಯರು ಕೊಟ್ಟ ಮಾತಿಗೆ ಅವನು ಒಂದಕ್ಷರ ಸೇರಿಸುವಂತಿರಲಿಲ್ಲ, ಒಂದಕ್ಷರ ನುಂಗುವಂತಿರಲಿಲ್ಲ.

ಆ ದನಿಯನ್ನು ನೀವು ಕೇಳಬೇಕಿತ್ತು. ಮೀನುಪೇಟೆಯಲ್ಲಿ ಎದ್ದರೆ ದಿಬ್ಬದ ಮೇಲಿನ ಕಿವುಡಿಯೂ ಯಾರು ಕರೆದದ್ದು ಎಂದು ಹೊರಗೆ ಬರುತ್ತಿದ್ದಳು. ಕಾವಲಿನವಳಿಗೆ ಗಂಡನ ಮೇಲೆ ಪ್ರೀತಿ, ಅವನ ದನಿಯ ಮೇಲೆ ಹುಚ್ಚು. ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆ. ಅದಕ್ಕೆ "ಮನೇಲಾದ್ರೂ ಮೆಲ್ಲಗೆ ಮಾತಾಡ್ರೀ, ಹೆಂಚು ಹಾರೋಗುತ್ತೆ" ಎಂದು ಗದರುತ್ತಿದ್ದಳು.

ಊರಿಗೆ ಗಂಟಿನ ರೋಗ ಅಂಟಿತ್ತು. ಒಬ್ಬರಿಗೆ ಎದೆಯಲ್ಲಿ ಗಂಟು, ಒಬ್ಬರಿಗೆ ಹೊಟ್ಟೆಯಲ್ಲಿ. ಗಂಟು ಒಳಗೇ ಕೂತು ಉಂಡು ಬೆಳೆಯುತ್ತಿತ್ತು, ಮನುಷ್ಯ ಹೊರಗೆ ಕರಗುತ್ತಿದ್ದ. ಬೇರು ಅರೆದು ಹಚ್ಚಿದರು, ಹರಕೆ ಹೊತ್ತರು, ಯಾವುದಕ್ಕೂ ಅದು ಜಗ್ಗಲಿಲ್ಲ. ಹಾಗಿರುವಾಗ ಒಂದು ದಿನ ಕಡಲಾಚೆಯಿಂದ ಬಿಳಿಯ ಹಡಗು ಬಂತು. ಅದರಿಂದ ಕೊಡುವವರು ಇಳಿದರು. ಅವರ ಹಿಂದೆ ಎಂಟು ಜನ ಏದುಸಿರು ಬಿಡುತ್ತ ಒಂದು ಸೀಸದ ಭರಣಿಯನ್ನು ಹೊತ್ತು ತಂದರು. ಅದು ಕೂಸಿನ ತೊಟ್ಟಿಲಷ್ಟೇ ಇತ್ತು. ಅಷ್ಟು ಸಣ್ಣದಕ್ಕೆ ಅಷ್ಟು ಜನ ಏಕೆ ಎಂದು ಊರು ನಕ್ಕಿತು.

"ಇದರೊಳಗೆ ಇನ್ನೊಂದು ಕರಡಿಗೆ ಇದೆ, ಕರಡಿಗೆಯೊಳಗೆ ಒಂದು ಕಾಳು ಇದೆ" ಎಂದರು ಕೊಡುವವರು. ಅವರ ಭಾಷೆ ಓದಿ ಕಲಿತ ಭಾಷೆ, ಒಂದೊಂದು ಮಾತೂ ಇಸ್ತ್ರಿ ಹಾಕಿದ ಹಾಗಿತ್ತು. "ಇದು ತಣ್ಣಗಿನ ಬೆಂಕಿ. ಕಣ್ಣಿಗೆ ಕಾಣದು, ಮೈಗೆ ಸುಡದು. ಗಂಟಿನ ಮೇಲೆ ಇದರ ದೃಷ್ಟಿ ಬಿದ್ದರೆ ಗಂಟು ಕರಗುತ್ತದೆ. ಇದನ್ನು ನಿಮಗೆ ಕೊಡುತ್ತೇವೆ."

ಊರಿನ ದೊಡ್ಡಜ್ಜಿ ಮುಂದೆ ಬಂದಳು. ಊರಿನಲ್ಲಿ ಅವಳ ಮಾತೇ ಕೊನೆಯ ಮಾತು. ಅವಳ ಎದೆಯಲ್ಲೂ ಗಂಟಿತ್ತು, ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. "ಯಾಕೆ ಕೊಡ್ತೀರಪ್ಪ? ನಾವೇನು ನಿಮ್ಮ ನೆಂಟ್ರಾ?" ಎಂದು ಕೇಳಿದಳು.

ಕೊಡುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯನಾದವನು ನೆಲ ನೋಡುತ್ತ ಹೇಳಿದ. "ಈ ಕಾಳಿಗೆ ಒಬ್ಬ ಅಣ್ಣನಿದ್ದಾನೆ. ಅವನನ್ನು ನಮ್ಮ ಹಿರಿಯರು ಒಂದು ಪಟ್ಟಣದ ಮೇಲೆ ಎಸೆದರು. ಕಣ್ಣು ಮಿಟುಕಿಸುವುದರೊಳಗೆ ಪಟ್ಟಣವಿರಲಿಲ್ಲ. ಗೋಡೆಗಳ ಮೇಲೆ ಜನರ ನೆರಳು ಮಾತ್ರ ಉಳಿದಿತ್ತು. ಅಂದಿನಿಂದ ನಾವು ಈ ತಮ್ಮನನ್ನು ಊರೂರಿಗೆ ಕೊಡುತ್ತ ಬಂದಿದ್ದೇವೆ. ಇದನ್ನು ಅಣ್ಣನ ದಾರಿಗೆ ಹಚ್ಚುವುದಿಲ್ಲ ಎಂದು ಮಾತು ಕೊಡಿ. ನಮ್ಮ ನೋಡುವವರು ಯಾವಾಗ ಬಂದರೂ ಬಾಗಿಲು ತೆರೆಯಿರಿ. ಕಾಳಿಗೂ ಮುಪ್ಪು ಬರುತ್ತದೆ. ಬಂದಾಗ ಇದೇ ಭರಣಿಯಲ್ಲಿ ಇಟ್ಟು ಹಿಂದಿರುಗಿಸಿ, ಹೊಸದು ತರುತ್ತೇವೆ. ಭರಣಿಯನ್ನು ತೂಗುತ್ತೇವೆ. ತೂಕ ಕಡಿಮೆಯಾದರೆ ನೀವು ಏನೋ ಕದ್ದಿರಿ, ಹೆಚ್ಚಾದರೆ ಏನೋ ಬಚ್ಚಿಟ್ಟಿರಿ ಎಂದು ತಿಳಿಯುತ್ತೇವೆ. ಆಮೇಲೆ ಹಡಗು ಬಾರದು."

ಊರು ಮಾತು ಕೊಟ್ಟಿತು. ದಪ್ಪ ಗೋಡೆಯ ಕಲ್ಲುಮನೆ ಎದ್ದಿತು. ಕಾಳನ್ನು ಅದರ ಗೋಡೆಯ ಗೂಡಿನಲ್ಲಿ ಕೂರಿಸಿ, ಗೂಡಿಗೊಂದು ಸೀಸದ ರೆಪ್ಪೆ ಮಾಡಿದರು. ಕಾಯಲು ಯಾರು ಎಂಬ ಮಾತೇ ಬರಲಿಲ್ಲ. ಬಾಗಿಲು ಕಾಯುವುದನ್ನು ಬಲ್ಲವಳು ಊರಿನಲ್ಲಿ ಒಬ್ಬಳೇ ತಾನೆ? ಗಂಟಿನವರು ಒಬ್ಬೊಬ್ಬರಾಗಿ ಬಂದು ಗೂಡಿನ ಕೆಳಗೆ ಮಲಗುತ್ತಿದ್ದರು. ಕಾವಲಿನವಳು ಗೋಡೆಯ ಆಚೆ ನಿಂತು, ಸರಪಳಿ ಎಳೆದು ರೆಪ್ಪೆ ತೆರೆಯುತ್ತಿದ್ದಳು, ಮರಳಿನ ಗಡಿಯಾರ ತಿರುಗಿಸುತ್ತಿದ್ದಳು, ಮರಳು ಇಳಿದೊಡನೆ ರೆಪ್ಪೆ ಮುಚ್ಚುತ್ತಿದ್ದಳು. ತೆರೆಯುವುದು, ತಿರುಗಿಸುವುದು, ಮುಚ್ಚುವುದು. ಗಂಟುಗಳು ಕರಗಿದವು. ದೊಡ್ಡಜ್ಜಿ ಸೆರಗು ಸಡಿಲ ಬಿಟ್ಟು ಓಡಾಡಿದಳು. ಸಾಯಬೇಕಿದ್ದವರು ಸಂತೆಗೆ ಹೋಗಿ ಬದನೆಕಾಯಿಗೆ ಚೌಕಾಸಿ ಮಾಡಿದರು. ಯಾರು ಏನೇ ಹೇಳಲಿ, ಇದು ಸುಳ್ಳಲ್ಲ, ಆ ಕಾಳು ಬಹಳ ಜನರನ್ನು ಉಳಿಸಿತು.

ಆದರೆ ಭರಣಿಯಲ್ಲಿ ಬಂದದ್ದು ಕಾಳು ಒಂದೇ ಆಗಿರಲಿಲ್ಲ.

ಅದು ಕಾವಲಿನವಳಿಗೆ ಒಂದು ನಡುಮಧ್ಯಾಹ್ನ ತಿಳಿಯಿತು. ಸೂರ್ಯ ನೆತ್ತಿಯ ಮೇಲಿದ್ದ. ಮರಕ್ಕೆ ನೆರಳಿಲ್ಲ, ಮನುಷ್ಯರಿಗೆ ನೆರಳಿಲ್ಲ. ಅಂಥ ಹೊತ್ತಿನಲ್ಲಿ ಕಲ್ಲುಮನೆಯ ಗೋಡೆಯ ಮೇಲೆ ಉದ್ದಕ್ಕೂ ನೆರಳುಗಳು ನಿಂತಿದ್ದವು. ಎದುರಿಗೆ ಯಾರೂ ಇರಲಿಲ್ಲ. ಒಂದು ಹೆಂಗಸಿನ ನೆರಳು, ಸೊಂಟದಲ್ಲಿ ಕೂಸು. ಮೆಟ್ಟಿಲ ಮೇಲೆ ಕೂತ ಹಾಗೆ ಕೂತಿದ್ದ ಒಂದು ನೆರಳು. ಕೋಲು ಹಿಡಿದ ಮುದುಕನ ನೆರಳು. ಅವುಗಳ ಹಿಂದೆ ಇನ್ನೂ, ಇನ್ನೂ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ನೀರು" ಎಂದಿತು ಹೆಂಗಸಿನ ನೆರಳು.

ಹೆದರಿಕೆ ಒಂದು ಕಡೆ, ರೂಢಿ ಒಂದು ಕಡೆ. ನೀರು ಎಂದು ಕೇಳಿದವರಿಗೆ ಇಲ್ಲ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಹಿತ್ತಾಳೆಯ ತಂಬಿಗೆಯಲ್ಲಿ ನೀರು ತುಂಬಿ ಗೋಡೆಯ ಬುಡದಲ್ಲಿಟ್ಟಳು. ನೀರು ಇಂಗಿಹೋಯಿತು. ಮತ್ತೆ ತುಂಬಿದಳು, ಮತ್ತೆ ಇಂಗಿತು. ಬಿಸಿಲು ವಾಲಿ ನೆರಳುಗಳು ಮಾಯವಾದ ಮೇಲೆ ತಂಬಿಗೆ ಎತ್ತಿಕೊಂಡಳು. ಅದರ ತಳದಲ್ಲಿ ಒಂದು ಚಿಟಿಕೆ ಬೂದಿ ಇತ್ತು.

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಅವರ ಕೈಯಲ್ಲಿ ಇದ್ದದ್ದು ಅಷ್ಟೇ, ಆದರೂ ಪಾತ್ರೆಯನ್ನು ಖಾಲಿ ಹಿಂದಿರುಗಿಸಿರಲಿಲ್ಲ. ಇವರೂ ನಮ್ಮ ಹಾಗೆಯೇ ಮರ್ಯಾದಸ್ಥ ಜನ ಎಂದು ತಿಳಿದಾಗ ಅವಳ ಹೆದರಿಕೆ ಹೋಗಿ ಎದೆಯಲ್ಲಿ ಬೇರೆ ಏನೋ ಕೂತಿತು. ಅಂದಿನಿಂದ ಪ್ರತಿ ಮಧ್ಯಾಹ್ನ ಅವಳು ತಂಬಿಗೆ ತುಂಬಿಟ್ಟಳು, ಪ್ರತಿ ಮಧ್ಯಾಹ್ನ ಬೂದಿ ಬಂತು. ಊರಿಗೆ ಹೇಳಲಿಲ್ಲ. ಗಂಡನಿಗೆ ಮಾತ್ರ ಹೇಳಿದಳು. "ಬಿಸಿಲಲ್ಲಿ ನಿಂತು ನಿನ್ನ ತಲೆ ಕಾದಿದೆ ಕಣೇ" ಎಂದು ಅವನು ಹೆಂಚು ಹಾರುವ ಹಾಗೆ ನಕ್ಕ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಕಾಳಿಗೆ ಮುಪ್ಪು ಅಡರುವ ಕಾಲಕ್ಕೆ ಸರಿಯಾಗಿ ಸಾರುವವನು ನಡುಬೀದಿಯಲ್ಲಿ ನಿಂತುಬಿಟ್ಟ. ತಮಟೆ ಬಡಿಯುತ್ತಿತ್ತು, ಬಾಯಿ ಆಡುತ್ತಿತ್ತು, ದನಿ ಬರಲಿಲ್ಲ. ಜನ ಬಾಗಿಲಿಗೆ ಬಂದು ಕಾದು ನಿಂತು ಒಳಗೆ ಹೋದರು. ಗಂಟಲಲ್ಲಿ ಗಂಟು. ಕಾವಲಿನವಳು ಅವನನ್ನು ಗೂಡಿನ ಕೆಳಗೆ ಮಲಗಿಸಿ ಸರಪಳಿ ಎಳೆದಳು. ಬೇರೆಯವರಿಗೆ ಒಂದು ಸಲ ತಿರುಗಿಸುತ್ತಿದ್ದ ಗಡಿಯಾರವನ್ನು ಅವನಿಗೆ ಮತ್ತೆ ಮತ್ತೆ ತಿರುಗಿಸಬೇಕಾಯಿತು. ಗಂಟು ಒಂದಿಷ್ಟು ಕರಗಿತು, ಮತ್ತೆ ಅಷ್ಟೇ ಬೆಳೆಯಿತು. ಕಾಳಿನ ದೃಷ್ಟಿ ಮಂದವಾಗಿತ್ತು. ಅನ್ನ ಇಳಿಯುವುದು ನಿಂತು ಗಂಜಿಗೆ ಬಂತು. ಸಾರುವವನು ಪಿಸುಗುಟ್ಟುತ್ತಿದ್ದ, ಹೆಂಡತಿ ಅವನ ಬಾಯಿಗೆ ಕಿವಿಯಿಟ್ಟು ಕೇಳುತ್ತಿದ್ದಳು.

"ಈಗ ಹೆಂಚಿಗೇನೂ ಭಯ ಇಲ್ಲ ನೋಡು" ಎಂದು ಅವನು ಪಿಸುಗುಟ್ಟಿದ.

"ಸುಮ್ನಿರಿ. ಹೊಸ ಕಾಳು ಬರಲಿ, ಮತ್ತೆ ಹೆಂಚು ಹೊದೆಸೋಣಂತೆ" ಎಂದಳು. ಅವನಿಗೆ ಬೆನ್ನು ಮಾಡಿ ಒಲೆ ಊದಿದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಹಡಗು ಹೊರಟಿದೆ ಎಂಬ ಸುದ್ದಿ ಬಂತು. ಹಳೆಯ ಕಾಳನ್ನು ಭರಣಿಯಲ್ಲಿ ಇಟ್ಟು ಸಿದ್ಧ ಮಾಡಬೇಕು. ಆಗ ಊರಿಗೆ ನಿದ್ದೆಗೆಟ್ಟಿತು. ಭರಣಿಯಲ್ಲಿ ಏನು ಹಾಕಿ ಕಳಿಸುವುದು?

"ಕಾಳೇ ಹೋಗುತ್ತಲ್ಲ" ಎಂದ ಒಬ್ಬ.

"ಅವ್ರ ಕಾಳನ್ನ ಅವ್ರಿಗೇ ಕೊಡೋದು ಮರ್ಯಾದೆನಾ? ಉಂಡು ಬಿಟ್ಟ ಎಂಜಲು ಕಳಿಸ್ದಂಗೆ" ಎಂದು ದೊಡ್ಡಜ್ಜಿ ಕೆರಳಿದಳು. "ನನ್ನ ಎದೆ ಉಳಿಸಿದ ಪಾತ್ರೆ ಅದು. ಅದನ್ನ ಬರಿದು ಕಳಿಸಿ ನಾನು ಯಾವ ಮುಖ ಇಟ್ಕೊಂಡು ಸಾಯ್ಲಿ?"

ಎಲ್ಲರಿಗೂ ಸರಿಯೆನಿಸಿತು. ಗಂಟು ಕರಗಿಸಿಕೊಂಡ ಪ್ರತಿ ಮನೆಯಿಂದ ಒಂದೊಂದು ಚಿಟಿಕೆ ಎಳ್ಳು, ಒಂದೊಂದು ಚೂರು ಬೆಲ್ಲ. ಭರಣಿಯ ಮುಚ್ಚಳಕ್ಕೂ ಒಳಗಿನ ಕರಡಿಗೆಗೂ ನಡುವೆ ಒಂದು ಬೊಗಸೆ ಹಿಡಿಯುವಷ್ಟು ಜಾಗವಿತ್ತು. ಅಲ್ಲಿ ಹಾಕುವುದು ಎಂದಾಯಿತು.

ಕಾವಲಿನವಳು ಎದ್ದು ನಿಂತಳು. "ಅವ್ರು ತೂಗ್ತಾರೆ, ಅಜ್ಜೀ. ಬೊಗಸೆ ಎಳ್ಳು ಹೆಚ್ಚಾದ್ರೂ ಬಚ್ಚಿಟ್ಟಿದೀರಿ ಅಂತಾರೆ. ಹೊಸ ಕಾಳು ಇಳಿಸಲ್ಲ. ನಮ್ಮನೆಯವ್ರು..." ಮುಂದೆ ಹೇಳಲಾಗಲಿಲ್ಲ.

"ಎಳ್ಳು ನೋಡಿ ಯಾರಾದ್ರೂ ಸಿಟ್ಟಾಗ್ತಾರೇನೇ ಮಗಳೇ? ತೆಗೆದು ನೋಡ್ತಾರೆ, ನಗ್ತಾರೆ, ಬಾಯಿಗೆ ಹಾಕ್ಕೋತಾರೆ" ಎಂದಳು ದೊಡ್ಡಜ್ಜಿ. ಬೆಲ್ಲ ಕಂಡೂ ಕೋಪ ಮಾಡುವ ಜನ ಲೋಕದಲ್ಲಿ ಇರಬಹುದೆಂಬುದು ಆ ಮುದುಕಿಗೆ ನಿಜವಾಗಿಯೂ ಹೊಳೆಯಲಿಲ್ಲ. ಇಡೀ ಊರಿಗೇ ಹೊಳೆಯಲಿಲ್ಲ.

ಭರಣಿ ಮುಟ್ಟುವ ಹಕ್ಕಿದ್ದದ್ದು ಕಾವಲಿನವಳಿಗೆ ಮಾತ್ರ. ಎಳ್ಳುಬೆಲ್ಲದ ಗಂಟನ್ನು ಅವಳ ಮಡಿಲಿಗೆ ಹಾಕಿ ಕಳಿಸಿದರು. ಅವಳು ಕಲ್ಲುಮನೆಗೆ ಹೋಗಿ, ಉದ್ದನೆಯ ಇಕ್ಕಳದಿಂದ ಕಾಳನ್ನು ಗೂಡಿನಿಂದ ತೆಗೆದು ಕರಡಿಗೆಯಲ್ಲಿಟ್ಟು ಭದ್ರ ಮಾಡಿದಳು. ಭರಣಿಯ ಬಾಯಿ ತೆರೆದೇ ಇತ್ತು. ಮಡಿಲಿಗೆ ಕೈಹಾಕಿದಳು, ಕೈ ಮೇಲೆ ಬರಲಿಲ್ಲ. ಎಳ್ಳು ಹಾಕಿದರೆ ಊರಿನ ಮಾನ ಉಳಿಯುತ್ತದೆ, ಗಂಡ ಉಳಿಯುವುದಿಲ್ಲ. ಹಾಕದಿದ್ದರೆ ಗಂಡ ಉಳಿದಾನು. ಎಷ್ಟು ತಿರುಗಿಸಿ ಮುರುಗಿಸಿ ನೋಡಿದರೂ ಲೆಕ್ಕ ಅಷ್ಟೇ. ಅವಳು ಗಂಟನ್ನು ಮಡಿಲಿನಿಂದ ತೆಗೆದು ಬರಿದಾದ ಗೂಡಿನಲ್ಲಿಟ್ಟಳು.

ಆಗ ಮಧ್ಯಾಹ್ನವಾಗಿತ್ತು. ನೆರಳುಗಳು ಒಳಗಿನ ಗೋಡೆಗೇ ಬಂದು ನಿಂತಿದ್ದವು. ಅವಳು ತಂಬಿಗೆಗೆ ಕೈ ಚಾಚಿದಳು.

"ಇವತ್ತು ನೀರು ಬೇಡ. ಭರಣಿ ಹೋಗುತ್ತದೆಯಲ್ಲ, ನಮ್ಮನ್ನೂ ಅದರಲ್ಲಿ ಕಳಿಸು" ಎಂದಿತು ಹೆಂಗಸಿನ ನೆರಳು.

"ಎಲ್ಲಿಗೆ? ನಿಮ್ಮ ಪಟ್ಟಣ ಇಲ್ಲವಲ್ಲ ತಾಯೀ."

"ನಮ್ಮ ಪಟ್ಟಣಕ್ಕಲ್ಲ. ಎಸೆದವರ ಊರಿಗೆ. ಅವರ ಬಾಗಿಲಲ್ಲಿ ನಿಂತು ಒಂದು ಸಲ ನೀರು ಕೇಳಬೇಕು. ನೂರು ಊರು ಸುತ್ತಿದೆವು, ಕಾಳು ಹೋದಲ್ಲೆಲ್ಲ ಹೋದೆವು. ಆ ಒಂದು ಊರಿಗೆ ಮಾತ್ರ ನಮ್ಮನ್ನು ಯಾರೂ ಒಯ್ಯಲಿಲ್ಲ."

ಕಾವಲಿನವಳಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನೆರಳಿಗೆ ಯಾವ ತೂಕ? ಭರಣಿ ಖಾಲಿಯೂ ಹೋಗುವುದಿಲ್ಲ, ತಕ್ಕಡಿಯೂ ತಪ್ಪುವುದಿಲ್ಲ, ಇವರ ಆಸೆಯೂ ತೀರುತ್ತದೆ. ಅವಳು ಭರಣಿಯ ಮುಂದೆ ಕೈಮುಗಿದು, "ಕಳಿಸ್ತೀನಿ. ನನ್ನ ಮಾತು. ಹತ್ತಿ" ಎಂದಳು. ಹೆಂಗಸು ಹತ್ತಿದಳು, ಕೂಸು ಹತ್ತಿತು. ಮೆಟ್ಟಿಲ ಮೇಲೆ ಕೂತಿದ್ದವನು ಎದ್ದು ಬಂದು ಹತ್ತಿದ. ಮುದುಕನನ್ನು ಉಳಿದವರು ಕೈಹಿಡಿದು ಹತ್ತಿಸಿದರು. ಗೋಡೆ ಬೆಳ್ಳಗಾಯಿತು. ಅವಳು ಮುಚ್ಚಳ ಹಾಕಿದಳು.

ಹಡಗು ಬಂದ ದಿನ ಊರಿಗೆ ಊರೇ ಹಡಗು ನಿಲ್ಲುವ ಕಟ್ಟೆಯ ಮೇಲೆ ನೆರೆಯಿತು. ಸಾರುವವನು ಕುತ್ತಿಗೆಗೆ ಪಂಚೆ ಸುತ್ತಿಕೊಂಡು ಹಗ್ಗದ ಸುರುಳಿಯ ಮೇಲೆ ಕೂತಿದ್ದ, ಕಟ್ಟಿಗೆಯಷ್ಟು ಒಣಗಿದ್ದ. ಊರಿನ ಇಬ್ಬರು ಹುಡುಗಾಟದ ಹಾಡು ಹೇಳಿಕೊಳ್ಳುತ್ತ ಭರಣಿಯನ್ನು ಹೊತ್ತು ತಂದು ತಕ್ಕಡಿಯ ಮೇಲಿಟ್ಟರು. ಎಂಟು ಜನ ತಂದದ್ದನ್ನು ಇಬ್ಬರು ಹೇಗೆ ತಂದರು ಎಂದು ಆ ಗಲಾಟೆಯಲ್ಲಿ ಯಾರೂ ಕೇಳಲಿಲ್ಲ. ಹಡಗಿನಿಂದ ನೋಡುವವನು ಇಳಿದ. ಅವನಿಗೆ ನರೆ ಬಂದಿತ್ತು, ಮುಖದಲ್ಲಿ ದಯೆಯಿತ್ತು. ತಕ್ಕಡಿಯ ಮುಳ್ಳಿಗೆ ಕಣ್ಣಿಟ್ಟು ನೋಡಿದ.

"ತೂಕ ಸರಿಯಾಗಿದೆ. ಹೊಸದನ್ನು ಇಳಿಸಬಹುದು" ಎಂದ.

ದೊಡ್ಡಜ್ಜಿಯ ಹುಬ್ಬು ಗಂಟಾಯಿತು. ಬೊಗಸೆ ಎಳ್ಳು ಹಾಕಿದ ಮೇಲೂ ತೂಕ ಹೇಗೆ ಸರಿಯಾಯಿತು? ಅವಳು ಕಾವಲಿನವಳ ಕಡೆ ನೋಡಿದಳು. ಕಾವಲಿನವಳು ಕಡಲ ಕಡೆ ನೋಡಿದಳು.

ಅಷ್ಟರಲ್ಲಿ ಹಡಗಿನ ಆಳುಗಳು ಭರಣಿಗೆ ಕೈಹಾಕಿದರು. ಅದು ಅಲುಗಲಿಲ್ಲ. ಎಂಟು ಜನ ಹಿಡಿದರು, ಹದಿನಾರು ಜನ ಹಿಡಿದರು, ಹಗ್ಗ ಕಟ್ಟಿ ಜಗ್ಗಿದರು. ಭರಣಿ ಕಲ್ಲುಕಟ್ಟೆಗೆ ಬೇರು ಬಿಟ್ಟಂತೆ ಕೂತಿತ್ತು. "ಇಷ್ಟಕ್ಕೆ ಇಷ್ಟು ಒದ್ದಾಟವಾ" ಎಂದು ಊರಿನ ಇಬ್ಬರು ಮುಂದೆ ಬಂದು ಹಗುರಾಗಿ ಎತ್ತಿ ಹಡಗಿನ ಹಲಗೆಯ ಮೇಲೆ ಕಾಲಿಟ್ಟರು. ಇಟ್ಟದ್ದೇ ತಡ, ಬಿಳಿಯ ಹಡಗು ಆ ಬದಿಗೆ ವಾಲಿತು. ಇನ್ನೊಂದು ಹೆಜ್ಜೆಗೆ ಕಡಲ ನೀರು ಅದರ ಅಂಚು ನೆಕ್ಕಿತು. ಹಡಗಿನವರು ಬೇಡ ಬೇಡ ಎಂದು ಚೀರಿದರು. ಭರಣಿ ಮತ್ತೆ ಕಟ್ಟೆಗೆ ಬಂತು.

ನೋಡುವವನು ಕಾವಲಿನವಳನ್ನು ಪಕ್ಕಕ್ಕೆ ಕರೆದ. "ಮುಳ್ಳು ಸುಳ್ಳು ಹೇಳುವುದಿಲ್ಲ. ಆದರೂ ಇದರಲ್ಲಿ ಏನೋ ಇದೆ. ಏನು ಹಾಕಿದೆ?"

"ನಾನು ಹಾಕಿದ್ದಲ್ಲ ಸ್ವಾಮಿ, ಇದರ ಜೊತೆಗೇ ಬಂದೋರು. ಗೋಡೆ ಮೇಲಿನ ನೆರಳುಗಳು. ನಿಮ್ಮೂರಿಗೆ ಬರ್ತೀವಿ ಅಂದ್ರು, ಹತ್ತಿಸಿದೆ."

ಅವನು ಭರಣಿಯ ಹತ್ತಿರ ಹೋಗಿ ಮಂಡಿಯೂರಿ ಮುಚ್ಚಳಕ್ಕೆ ಕಿವಿಯಿಟ್ಟ. ಏಳುವಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. "ನಾನು ಎಸೆದವನಲ್ಲ. ಆಗ ನಾನು ಹುಟ್ಟಿಯೇ ಇರಲಿಲ್ಲ" ಎಂದ.

"ನೀವು ಎಸೆದ್ರಿ ಅಂದೆನಾ? ನೀರು ಕೇಳ್ತಾವ್ರೆ ಅಂದೆ."

"ನಮ್ಮ ಊರಿನಲ್ಲಿ ನೀರಿಗೇನೂ ಬರವಿಲ್ಲ, ತಾಯಿ" ಎಂದ ನೋಡುವವನು. ಅವನ ದನಿ ಒಡೆಯಿತು. "ಆದರೆ ಬಾಗಿಲು ತೆರೆಯುವವರಿಲ್ಲ. ಇವರು ಬಂದರೆಂದರೆ ಯಾರೂ ಮನೆಯಿಂದ ಹೊರಗೆ ಬರುವುದಿಲ್ಲ. ಹೊರಗೆ ತಂದ ಹಡಗೇ ಆದರೂ, ನಮ್ಮ ಊರಿನ ಕಡೆಗೆ ಇವರನ್ನು ಹೊರಲಾರದು. ಹಳೆಯದು ಹತ್ತದೆ ಹೊಸದನ್ನು ಇಳಿಸುವ ಹಾಗಿಲ್ಲ, ಅದು ನಾನು ಮಾಡಿದ ನಿಯಮವಲ್ಲ. ನಾನು ಕಡಲಿನ ಕಡೆ ತಿರುಗಿ ನಿಲ್ಲುತ್ತೇನೆ. ನೀನು ಏನು ಮಾಡುತ್ತೀಯೋ ಮಾಡು." ಹಾಗೆಂದು ಅವನು ಬೆನ್ನು ತಿರುಗಿಸಿದ. ಕೆಟ್ಟವನೇನೂ ಅಲ್ಲ ಪಾಪ. ಆದರೆ ಆ ಬೆನ್ನನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕಾವಲಿನವಳು ಗಂಡನ ಕಡೆ ನೋಡಿದಳು. ಅವನು ಎಂಜಲು ನುಂಗಲು ಹೆಣಗುತ್ತಿದ್ದ. ಅವಳು ಮತ್ತೆ ಯೋಚಿಸಲಿಲ್ಲ. ಭರಣಿಯ ಮುಂದೆ ಕೂತು ಮುಚ್ಚಳ ತೆರೆದು, ಬಗ್ಗಿ, ಯಾರಿಗೂ ಕೇಳದ ಹಾಗೆ ಹೇಳಿದಳು.

"ಇಳೀರಿ. ನನ್ನ ಮಾತು ಮುರಿದೆ. ನನಗೆ ನಮ್ಮನೆಯವ್ರು ಬೇಕು. ಇಳಿದು ನಮ್ಮನೇಗೆ ಬನ್ನಿ, ನಾನಿರೋ ತನಕ ಇರಿ."

ಅವರು ಇಳಿದರು. ಒಂದು ಮಾತು ಆಡಲಿಲ್ಲ, ಒಂದು ನಿಟ್ಟುಸಿರು ಬಿಡಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕೂಸಿನ ತಾಯಿ ಅವಳ ಪಕ್ಕ ಹಾದುಹೋಗುವಾಗ ನೆಲ ತಣ್ಣಗಾಯಿತು. ಊರಿನ ಕಣ್ಣಿಗೆ ಅವರು ಕಾಣಲಿಲ್ಲ. ಊರಿಗೆ ಕಂಡದ್ದು ಬಾಯಿ ತೆರೆದ ಭರಣಿ, ಕರಡಿಗೆಯ ಮೇಲಿನ ಬರಿದು ಜಾಗ.

"ಎಳ್ಳೆಲ್ಲಿ?" ಎಂದಳು ದೊಡ್ಡಜ್ಜಿ.

"ಹಾಕ್ಲಿಲ್ಲ ಅಜ್ಜೀ. ಕಲ್ಲುಮನೆ ಗೂಡಲ್ಲಿದೆ."

ಯಾರೂ ಕೂಗಾಡಲಿಲ್ಲ. ತಮ್ಮ ಜೀವಕ್ಕೆ ಬದಲಾಗಿ ಕೊಟ್ಟ ಒಂದು ಚಿಟಿಕೆಯೂ ಹೋಗಲಿಲ್ಲವಲ್ಲ ಎಂದು ಕೆಲವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಡಗಿನ ಎಂಟು ಜನ ಏದುಸಿರು ಬಿಡುತ್ತ ಭರಣಿಯನ್ನು ಎತ್ತಿದರು. ಖಾಲಿ ಭರಣಿ ಹಡಗು ಹತ್ತಿತು, ಹೊಸ ಭರಣಿ ಇಳಿಯಿತು. ದೊಡ್ಡಜ್ಜಿ ಸಾರುವವನ ಹತ್ತಿರ ಹೋಗಿ ನಿಂತಳು. "ನಿನ್ನ ಗಂಟಲು ಬಂದ ದಿನ ಮೊದಲು ಸಾರೋದು ಇದನ್ನೇ ಕಣಪ್ಪ. ನಿನ್ನ ಮನೆ ಪಾತ್ರೆ ನಿಲ್ಲುತ್ತೆ" ಎಂದಳು. ಹೇಳುವಾಗ ಮುದುಕಿಯ ತುಟಿ ನಡುಗಿತು, ಆದರೂ ಹೇಳಿದಳು.

ಸಾರದ ಶಿಕ್ಷೆ ಶಿಕ್ಷೆಯಲ್ಲ. ಸಾರುವವನೊಬ್ಬನೇ ಸಾರಬೇಕು, ಅದೂ ಬಂದ ಸರದಿಯಲ್ಲೇ. ಅವನ ಗಂಟಲು ಮಾಗುವ ತನಕ ಪಾತ್ರೆಗಳು ಓಡಾಡುತ್ತಲೇ ಇರುತ್ತವೆ, ಮಾಗಿದ ದಿನ ನಿಲ್ಲುತ್ತವೆ. ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಕಾವಲಿನವಳು ದಿನವೂ ಅವನನ್ನು ಗೂಡಿನ ಕೆಳಗೆ ಮಲಗಿಸಿದಳು. ತೆರೆಯುವುದು, ತಿರುಗಿಸುವುದು, ಮುಚ್ಚುವುದು. ಹೊಸ ಕಾಳಿನ ದೃಷ್ಟಿ ಚುರುಕಾಗಿತ್ತು. ಒಂದೊಂದು ದಿನವೂ ಗಂಟು ಕರಗಿತು, ಒಂದೊಂದು ದಿನವೂ ಅವಳ ಮನೆಯ ಪಾತ್ರೆ ನಿಲ್ಲುವ ಹೊತ್ತು ಹತ್ತಿರವಾಯಿತು. ಅವಳ ಕೈ ಒಂದು ದಿನವೂ ಸರಪಳಿಯ ಮೇಲೆ ತಡೆಯಲಿಲ್ಲ.

ಮಧ್ಯಾಹ್ನಗಳಲ್ಲಿ ನೆರಳುಗಳು ಅವಳ ಮನೆಯ ಗೋಡೆಗೆ ಒರಗಿ ಕೂರುತ್ತಿದ್ದವು. ಅವಳು ನೀರಿಡುತ್ತಿದ್ದಳು. ಗಂಡನಿಗೆ ಅವು ಕಾಣದಿದ್ದರೂ ಈಗ ನಗು ಬರುತ್ತಿರಲಿಲ್ಲ. "ಮನೇಲಿ ಬಹಳ ಜನ ಇದ್ದಂಗಿದೆ ಕಣೇ" ಎಂದು ಪಿಸುಗುಟ್ಟಿ ಕಾಲು ಮಡಿಸಿ ಜಾಗ ಬಿಟ್ಟು ಕೂರುತ್ತಿದ್ದ.

ಒಂದು ಬೆಳಿಗ್ಗೆ ಅನ್ನ ಬಾಯಿಗಿಟ್ಟು, "ಉಪ್ಪು ಕಮ್ಮಿ" ಎಂದ. ಪಿಸುಮಾತಲ್ಲ. ದನಿ. ಇಬ್ಬರೂ ಬೆಚ್ಚಿದರು. ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. ಅಂದಿನಿಂದ ಅವನ ನಾಟಕ ಶುರುವಾಯಿತು. ಯಾರೇ ಬಂದರೂ ಕುತ್ತಿಗೆ ಹಿಡಿದು ಗೊರಗೊರ ಎನ್ನುವನು, ಕೈಸನ್ನೆ ಮಾಡುವನು, ಇನ್ನೂ ಬಂದಿಲ್ಲ ಎಂದು ತಲೆಯಾಡಿಸುವನು. ಊರು ನಂಬಿತು. ಅವಳು ಕೆಲವು ದಿನ ನೋಡಿದಳು.

"ಸಾಕು ನಿಮ್ಮ ನಾಟಕ. ಕೆಳಗಿನ ಬೀದಿ ಕೂಸು ತೆವಳೋಕೆ ಶುರು ಮಾಡಿದೆ, ಇನ್ನೂ ಹೆಸರಿಲ್ಲ. ದೋಣಿಯವನ ಅಮ್ಮ ಸತ್ತು ಎಷ್ಟು ಕಾಲ ಆಯ್ತು. ಅವನು ಅಳೋ ಹಾಗಿಲ್ಲ, ಗಂಟಲಿಗೆ ಕಟ್ಕೊಂಡು ತಿರುಗ್ತಾವ್ನೆ. ನೀವು ನಮ್ಮದನ್ನ ಸಾರಿದ್ರೆ ತಾನೆ ಅವ್ರ ಸರದಿ ಬರೋದು?"

"ನನ್ನ ಬಾಯಲ್ಲಿ ಅದು ಬರಲ್ಲ" ಎಂದ. ಕಣ್ಣು ತುಂಬಿತ್ತು. "ಇದಕ್ಕೋಸ್ಕರನಾ ನೀನು ನನ್ನ ಉಳಿಸಿದ್ದು?"

"ಹೂಂ, ಇದಕ್ಕೇ" ಎಂದಳು. ತಮಟೆಯನ್ನು ಬಿಸಿಲಿಗೆ ಹಿಡಿದು ಕಾಯಿಸಿ ಅವನ ಕೈಗಿಟ್ಟಳು. "ಬೇರೆ ಯಾರಾದ್ರೂ ಸಾರಿದ್ರೆ ನನಗೆ ಕೇಳೋಕೆ ಚೆನ್ನಾಗಿರಲ್ಲ. ಹೋಗಿ. ಮೀನುಪೇಟೆಯಿಂದ ಶುರು ಮಾಡಿ."

ಅವನು ಹೋದ. ಅವಳು ಬಾಗಿಲಲ್ಲಿ ನಿಂತಳು. ಬಿಸಿಲು ನೆತ್ತಿಗೇರಿತ್ತು, ಹಿಂದೆ ಗೋಡೆಗೆ ಒರಗಿ ನೆರಳುಗಳು ಕೂತಿದ್ದವು. ಕೆಳಗೆ ತಮಟೆ ಸದ್ದಾಯಿತು, ನಿಂತಿತು.

"ಕೇಳ್ರಪ್ಪೋ ಕೇಳೀ! ಕಾವಲಿನವಳ ಮನೆ ಪಾತ್ರೆ ಇವತ್ತಿಗೆ ನಿಂತಿತು! ಆ ಮನೆಗೆ ಯಾರೂ ಪಾತ್ರೆ ಕೊಡಬೇಡೀ! ಆ ಮನೆಯಿಂದ ಯಾರೂ ಪಾತ್ರೆ ತೊಗೋಬೇಡೀ!"

ಒಂದಕ್ಷರ ಹೆಚ್ಚಿರಲಿಲ್ಲ, ಒಂದಕ್ಷರ ಕಡಿಮೆಯಿರಲಿಲ್ಲ. ದನಿ ಮೀನುಪೇಟೆ ದಾಟಿ, ಕಟ್ಟೆ ದಾಟಿ, ದಿಬ್ಬ ಹತ್ತಿ ಬಂತು. ಎಲ್ಲಿಯೂ ಒಡೆಯಲಿಲ್ಲ, ಎಲ್ಲಿಯೂ ಕಟ್ಟಲಿಲ್ಲ. ಎದುರುಮನೆಯವಳು ಇವಳ ಅಂಗಳದಲ್ಲಿದ್ದ ತನ್ನ ಕೊಡವನ್ನು ಮುಖ ನೋಡದೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಕಾವಲಿನವಳಿಗೆ ಅದು ಕಾಣಲೇ ಇಲ್ಲ. ಅವಳ ಕೆನ್ನೆಯ ಮೇಲೆ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು, ಮುಖ ನಗುತ್ತಿತ್ತು.

ಅವಳು ಗೋಡೆಯ ಕಡೆ ತಿರುಗಿದಳು.

"ಕೇಳಿಸ್ತಾ? ನಮ್ಮನೆಯವ್ರು" ಎಂದಳು.